ಕುಂಟೆಗೂ ಹದ, ಯೂರಿಯಾಕ್ಕೂ ಹದ

ನಮ್ಮದು ಕುಣಿಗಲ್ ಕಡೆ ಒಂದೂವರೆ ಎಕರೆ ಕೆಂಪು ಮಣ್ಣಿನ ಹೊಲ. ಬೆಳೆ ರಾಗಿ, ತಳಿ ಜಿಪಿಯು-28. ಬೋರ್‌ವೆಲ್ ಇಲ್ಲ, ಮೂಲೆಯಲ್ಲೊಂದು ಕೃಷಿ ಹೊಂಡ ಇದೆ ಅಷ್ಟೇ. ಶುರುವಿನಲ್ಲಿ ನಾನು ಕ್ಯಾಲೆಂಡರ್ ನೋಡಿ ಯೂರಿಯಾ ಎರಚುತ್ತಿದ್ದೆ, ಆಳು ಸಿಕ್ಕ ದಿನ ಕಳೆ ಕೀಳಿಸುತ್ತಿದ್ದೆ. ಅಪ್ಪ ಮಾತ್ರ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಹದ ಇದೆಯೇನೋ?" ಹದ ಅಂದರೆ ಮಣ್ಣಿನಲ್ಲಿ ಹಸಿ ಹೆಚ್ಚೂ ಅಲ್ಲ, ಕಮ್ಮಿಯೂ ಅಲ್ಲ ಅನ್ನುವ ಸ್ಥಿತಿ.

ಈಗ ಕೂರಿಗೆಯಲ್ಲೇ ಬಿತ್ತುತ್ತೇನೆ, ಸಾಲಿನಿಂದ ಸಾಲಿಗೆ ಒಂದಡಿ. ಚೆಲ್ಲಿದ ರಾಗಿಯಲ್ಲಿ ಎಡೆಕುಂಟೆ (ಸಾಲಿನ ನಡುವೆ ಎಳೆದು ಕಳೆ ಕೀಳುವ ಸಲಕರಣೆ) ಆಡುವುದಿಲ್ಲ. ಸಾಲು ಇದ್ದರೆ ಇನ್ನೊಂದು ಲಾಭ: ಸಾಲಿನ ಹೊರಗೆ ಹಸಿರಾಗಿ ಕಂಡಿದ್ದೆಲ್ಲ ಕಳೆ, ಯೋಚನೆ ಮಾಡಬೇಕಿಲ್ಲ. ತಲೆನೋವು ಸಾಲಿನೊಳಗೆ ಸೇರಿಕೊಳ್ಳುವ ಕಾಡು ರಾಗಿಯದ್ದು. ಎಳೆಯದಿದ್ದಾಗ ಥೇಟ್ ರಾಗಿಯೇ. ಅಮ್ಮ ಬುಡ ಹಿಡಿದು ತೋರಿಸಿದ ಮೇಲೆ ಗೊತ್ತಾಯಿತು: ಬುಡ ಚಪ್ಪಟೆ, ಬಿಳಿಚಿಕೊಂಡಿರುತ್ತದೆ, ನೆಲಕ್ಕೆ ಹರಡಿಕೊಳ್ಳುತ್ತದೆ. ಬಲಿತ ಮೇಲೆ ಎಳೆದರೆ ಕೈಗೆ ಬರೀ ಎಲೆ ಬರುತ್ತದೆ, ಬೇರು ಬರುವುದಿಲ್ಲ. ಹಾಗಾಗಿ ಮೊದಲ ತಿಂಗಳಲ್ಲೇ ಅದರ ಕಥೆ ಮುಗಿಸಬೇಕು.

ಮಳೆ ನಿಂತ ಮೇಲೆ ಹೆಬ್ಬೆರಳು ಆಳದ ಮಣ್ಣು ತೆಗೆದು ಉಂಡೆ ಕಟ್ಟುತ್ತೇನೆ. ಸೊಂಟದ ಎತ್ತರದಿಂದ ಬಿಟ್ಟಾಗ ಒಡೆದು ಪುಡಿಯಾದರೆ ಹದ. ಕೈಗೆ ಮೆತ್ತಿಕೊಂಡರೆ ಇನ್ನೊಂದು ದಿನ ಕಾಯುತ್ತೇನೆ. ಹಸಿ ಹೆಚ್ಚಿರುವಾಗ ಕುಂಟೆ ಹೊಡೆದರೆ ಕಿತ್ತ ಕಳೆ ಅಲ್ಲೇ ಮತ್ತೆ ಬೇರೂರುತ್ತದೆ, ಕೂಲಿ ದಂಡ. ಒಳ್ಳೆ ಬಿಸಿಲಿನ ಬೆಳಿಗ್ಗೆ ಹೊಡೆದರೆ ಸಂಜೆಗೆಲ್ಲ ಬಾಡಿ ಬಿದ್ದಿರುತ್ತದೆ.

ಯೂರಿಯಾ ಕೂಡ ಅದೇ ಹದಕ್ಕೆ. ಮಳೆ ಆಶ್ರಯದ ರಾಗಿಗೆ ಎಕರೆಗೆ 20 ಕೆಜಿ ಸಾರಜನಕ, 16 ಕೆಜಿ ರಂಜಕ, 10 ಕೆಜಿ ಪೊಟ್ಯಾಷ್ ಶಿಫಾರಸು. ಅಂಗಡಿ ಲೆಕ್ಕದಲ್ಲಿ ಅದು ಸುಮಾರು 35 ಕೆಜಿ ಡಿಎಪಿ (ರಂಜಕದ ಜೊತೆ ಸ್ವಲ್ಪ ಸಾರಜನಕವೂ ಇರುವ ಗೊಬ್ಬರ), 17 ಕೆಜಿ ಎಂಒಪಿ (ಪೊಟ್ಯಾಷ್ ಗೊಬ್ಬರ), 30 ಕೆಜಿ ಯೂರಿಯಾ (ಸಾರಜನಕದ್ದು). ಬಿತ್ತುವಾಗ ಕೊಟ್ಟಿಗೆ ಗೊಬ್ಬರದ ಮೇಲೆ ಡಿಎಪಿ, ಎಂಒಪಿ ಪೂರ್ತಿ, ಯೂರಿಯಾ ಬರೀ 8 ಕೆಜಿ. ಉಳಿದ 22 ಕೆಜಿ ತಿಂಗಳ ಹೊತ್ತಿಗೆ, ಕಳೆ ತೆಗೆದ ಮೇಲೆ. ಕಳೆ ಇರುವಾಗ ಹಾಕಿದರೆ ಮೊದಲು ಉಣ್ಣುವುದು ಕಳೆಯೇ ಅಲ್ವಾ? ಇಬ್ಬನಿ ಆರಿದ ಮೇಲೆ ಸಾಲಿನ ಪಕ್ಕ ಉದುರಿಸಿ, ಹಿಂದೆಯೇ ಒಂದು ಹಗುರ ಕುಂಟೆ. ಮಣ್ಣು ಮುಚ್ಚಿಕೊಳ್ಳುತ್ತದೆ. ನೆಲ ಒಣಗಿದ್ದರೆ ಚೀಲ ಕೊಟ್ಟಿಗೆಯಲ್ಲೇ ಇರಲಿ.

ಒಂದು ವರ್ಷ ಆಳು ಸಿಗಲಿಲ್ಲ ಅಂತ 2,4-ಡಿ ಅನ್ನುವ ಕಳೆನಾಶಕ ಹೊಡೆದೆ. ಅಗಲ ಎಲೆಯ ಕಳೆಗಳೇನೋ ಸುರುಟಿದವು. ಜೊತೆಗೆ ರಾಗಿಯ ನಡುವೆ ಹಾಕಿದ್ದ ಅಕ್ಕಡಿ ಸಾಲಿನ ಅವರೆಯೂ ಸುರುಟಿತು. ಕಾಡು ರಾಗಿ ಹುಲ್ಲಿನ ಜಾತಿ, ಅದಕ್ಕೆ ಏನೂ ಆಗಲಿಲ್ಲ. ಆ ವರ್ಷ ಮನೆಯಲ್ಲಿ ಹಿತಕಿದ ಅವರೆ ಸಾರು ಇಲ್ಲ. ಅಮ್ಮ ಈಗಲೂ ಅದನ್ನು ಎತ್ತಿ ಆಡುತ್ತಾರೆ. ಆಮೇಲೆ ಆ ಔಷಧಿ ತಂದಿಲ್ಲ.

ನೀರಿನ ವಿಷಯಕ್ಕೆ ಬಂದರೆ, ಹೊಂಡದಲ್ಲಿ ಇರುವುದು ಒಂದು, ಹೆಚ್ಚೆಂದರೆ ಎರಡು ಸಲಕ್ಕೆ ಆಗುವಷ್ಟು. ಪೈರು ಮಧ್ಯಾಹ್ನ ಎಲೆ ಸುತ್ತಿಕೊಂಡ ಕೂಡಲೇ ಪಂಪ್ ಹಚ್ಚುವ ಚಟ ನನಗೆ ಇತ್ತು. ಸಂಜೆ ಎಲೆ ಬಿಚ್ಚಿಕೊಂಡರೆ ಗಾಬರಿ ಬೇಡ. ಬೆಳಿಗ್ಗೆಯೂ ಸುತ್ತಿಕೊಂಡೇ ಇದ್ದರೆ ಆಗ ನೀರು. ತೆಂಡೆ (ಬುಡದಿಂದ ಬರುವ ಮರಿ ಕವಲು) ಒಡೆಯುವಾಗ ಹೇಗೋ ತಡೆದುಕೊಳ್ಳುತ್ತದೆ. ತೆನೆ ಹೊರಡುವಾಗ, ಕಾಳು ಕಟ್ಟುವಾಗ ಒಣಗಿದರೆ ಮಾತ್ರ ತೆನೆ ಜೊಳ್ಳು. ಅದಕ್ಕೆ ಹೊಂಡದ ನೀರನ್ನು ಸೆಪ್ಟೆಂಬರ್‌ನ ಉತ್ತರೆ ಮಳೆ ಕೈಕೊಟ್ಟರೆ ಇರಲಿ ಅಂತ ಉಳಿಸುತ್ತೇನೆ. ಸ್ಪ್ರಿಂಕ್ಲರ್‌ನಲ್ಲಿ ಕೊಟ್ಟರೆ ಜಾಸ್ತಿ ಜಾಗ ನೆನೆಯುತ್ತದೆ.

ಹೋದ ಸಲ ಯೂರಿಯಾ ಚೀಲದಲ್ಲಿ ನಾಲ್ಕೈದು ಕೆಜಿ ಮಿಕ್ಕಿತ್ತು. ವಾಪಸ್ ಹೊರುವುದ್ಯಾಕೆ ಅಂತ ಹೊಂಡದ ಪಕ್ಕದ ಮೂಲೆಗೆ ಎರಚಿಬಿಟ್ಟೆ. ಅಲ್ಲಿನ ಪೈರು ಕಡುಹಸಿರಾಗಿ, ಎದೆಯೆತ್ತರ ಬಂತು. ದಾರಿಯಲ್ಲಿ ಹೋಗುವವರೆಲ್ಲ ಹೊಗಳಿದರು. ಅಕ್ಟೋಬರ್‌ನ ಚಿತ್ತೆ ಮಳೆಯ ಒಂದೇ ಗಾಳಿಗೆ ಆ ಮೂಲೆ ಚಾಪೆ ಹಾಸಿದಂತೆ ಮಲಗಿತು. ಕೊಯ್ಲಿನ ದಿನ ಹೆಂಗಸರು ಅಲ್ಲಿ ಮಾತ್ರ ಕುಕ್ಕುರುಗಾಲಲ್ಲಿ ಕೂತು ತೆನೆ ಹುಡುಕಿ ಹುಡುಕಿ ಕೊಯ್ದರು, ನಾನು ಅವರ ಮಾತು ಕೇಳಿಸದಷ್ಟು ದೂರದಲ್ಲಿ ಕಂತೆ ಕಟ್ಟುತ್ತಿದ್ದೆ.