ಲಕ್ವ ಹೊಡೆದಾಗ ಹೊತ್ತು ಪೋಲಾಗುವುದು ಎಲ್ಲಿ, ಅದನ್ನು ಉಳಿಸುವುದು ಹೇಗೆ

ಮೆದುಳಿನ ದೊಡ್ಡ ರಕ್ತನಾಳವೊಂದು ಹೆಪ್ಪಿನಿಂದ ಮುಚ್ಚಿಕೊಂಡಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ವದ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಇದರರ್ಥ ಅಷ್ಟು ಹೊತ್ತು ಬಿಡುವಿದೆ ಎಂದಲ್ಲ. ಮೊದಲ ಗಂಟೆಯಲ್ಲಿ ಸಿಗುವ ಪ್ರಯೋಜನ ನಾಲ್ಕನೆಯ ಗಂಟೆಯ ಹೊತ್ತಿಗೆ ಬಹಳ ಕುಗ್ಗಿರುತ್ತದೆ.

ವಿಳಂಬದ ದೊಡ್ಡ ಪಾಲು ಮನೆಯಲ್ಲೇ ಆಗುತ್ತದೆ. ಹೃದಯಾಘಾತದಂತೆ ಇಲ್ಲಿ ಎದೆ ಹಿಡಿದುಕೊಳ್ಳುವ ನೋವಿಲ್ಲದ ಕಾರಣ, ‘ಆಯಾಸವಿರಬೇಕು, ಸ್ವಲ್ಪ ಮಲಗಲಿ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಅನುಮಾನ ಬಂದ ಕೂಡಲೇ ರೋಗಿಗೆ ನಗಲು ಹೇಳಿ ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆಯೇ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ ಒಂದು ಕೈ ತಾನಾಗಿ ಕೆಳಗಿಳಿಯುತ್ತದೆಯೇ, ಸಣ್ಣ ವಾಕ್ಯವೊಂದನ್ನು ಹೇಳಿಸಿ ಮಾತು ತೊದಲುತ್ತದೆಯೇ ಎಂದು ನೋಡಬೇಕು. ದಿಢೀರನೆ ದೃಷ್ಟಿ ಮಂಜಾಗುವುದು, ನಡೆಯುವಾಗ ಸಮತೋಲ ತಪ್ಪುವುದು ಕೂಡ ಲಕ್ಷಣಗಳೇ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಹತ್ತು ನಿಮಿಷದಲ್ಲಿ ಎಲ್ಲವೂ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಅದು ಮುಂದಿನ ದೊಡ್ಡ ಆಘಾತದ ಮುನ್ಸೂಚನೆಯಾಗಿರಬಹುದು.

ಕಾಯುವಾಗ ನೀರು, ಕಾಫಿ, ಊಟ ಏನನ್ನೂ ಕೊಡಬಾರದು. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಕೂಡ ಬೇಡ. ಲಕ್ವ ಹೆಪ್ಪಿನಿಂದಲೂ ಆಗಬಹುದು, ನಾಳ ಒಡೆದು ರಕ್ತಸ್ರಾವವಾಗಿಯೂ ಆಗಬಹುದು. ಇವೆರಡನ್ನು ಸ್ಕ್ಯಾನ್ ಇಲ್ಲದೆ ಹೊರಗಿನಿಂದ ನೋಡಿ ಖಚಿತವಾಗಿ ಹೇಳಲು ಅನುಭವಿ ವೈದ್ಯರಿಗೂ ಆಗದು. ಬಿ.ಪಿ. ಇಳಿಸಲೆಂದು ಮನೆಯಲ್ಲಿರುವ ಮಾತ್ರೆ ನುಂಗಿಸುವುದೂ ತಪ್ಪೇ. ನಾಟಿ ಔಷಧಿಗೆಂದು ಮೊದಲು ಬೇರೆ ಊರಿಗೆ ಕರೆದೊಯ್ಯುವ ರೂಢಿ ಇನ್ನೂ ಕೆಲವೆಡೆ ಇದೆ. ಅಷ್ಟರಲ್ಲಿ ಇಂಜೆಕ್ಷನ್ನಿನ ಅವಕಾಶ ಮುಗಿದುಹೋಗಿರುತ್ತದೆ.

ವೈದ್ಯರು ಕೇಳುವ ಮುಖ್ಯ ಪ್ರಶ್ನೆ, ರೋಗಿ ಕೊನೆಯದಾಗಿ ಚೆನ್ನಾಗಿದ್ದುದನ್ನು ಯಾರು, ಎಷ್ಟು ಗಂಟೆಗೆ ಕಂಡರು ಎಂಬುದು. ಬೆಳಿಗ್ಗೆ ಏಳುವಾಗಲೇ ಕೈ ಬಿದ್ದುಹೋಗಿದ್ದರೆ ಎದ್ದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ; ರಾತ್ರಿ ಮಲಗಿದ ಹೊತ್ತು, ಅಥವಾ ನಡುವೆ ಎದ್ದು ಸರಿಯಾಗಿ ಓಡಾಡಿದ್ದರೆ ಆ ಹೊತ್ತು ಬೇಕು. ಅದನ್ನು ಕಂಡವರೇ ಜೊತೆಗೆ ಹೋಗುವುದು ಒಳ್ಳೆಯದು. ಮಾತ್ರೆಗಳ ಚೀಟಿಯನ್ನೂ ಒಯ್ಯಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ಹೇಳಬೇಕು.

ಎಲ್ಲಿಗೆ ಹೋಗಬೇಕು ಎಂಬುದನ್ನು ಆ ಗಳಿಗೆಯಲ್ಲಿ ಯೋಚಿಸುವಂತಾಗಬಾರದು. ಸಿ.ಟಿ. ಯಂತ್ರವಿಲ್ಲದ ನರ್ಸಿಂಗ್ ಹೋಮಿಗೆ ಹೋಗಿ, ಡ್ರಿಪ್ ಹಾಕಿಸಿಕೊಂಡು, ಅಲ್ಲಿಂದ ಇನ್ನೊಂದು ಕಡೆಗೆ ಹೊರಡುವಷ್ಟರಲ್ಲಿ ಎರಡು ಗಂಟೆ ಸುಲಭವಾಗಿ ಕಳೆದುಹೋಗುತ್ತದೆ. ಮನೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಹೃದಯರೋಗ ಇರುವವರಿದ್ದರೆ, ಸುತ್ತಮುತ್ತ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿ.ಟಿ. ಸ್ಕ್ಯಾನ್ ನಡೆಯುತ್ತದೆ, ಎಲ್ಲಿ ಈ ಇಂಜೆಕ್ಷನ್ ಕೊಡುತ್ತಾರೆ ಎಂದು ಇಂದೇ ವಿಚಾರಿಸಿ ಬರೆದಿಡುವುದು ಲೇಸು. ಹೊರಡುವಾಗಲೇ ಅಲ್ಲಿಗೆ ಫೋನ್ ಮಾಡಬೇಕು.

ಆ ಒಂದು ಫೋನಿನ ಬೆಲೆಯನ್ನು ಫಿನ್ಲೆಂಡಿನ ಹೆಲ್ಸಿಂಕಿಯ ವಿಶ್ವವಿದ್ಯಾಲಯ ಆಸ್ಪತ್ರೆಯ ಅನುಭವದಿಂದ ತಿಳಿಯಬಹುದು. ಅಲ್ಲಿ 1998ರಲ್ಲಿ ರೋಗಿ ಬಾಗಿಲಿಗೆ ಬಂದ ಮೇಲೆ ಇಂಜೆಕ್ಷನ್ ಸಿಗಲು ಸಾಮಾನ್ಯವಾಗಿ 105 ನಿಮಿಷ ಹಿಡಿಯುತ್ತಿತ್ತು. 2011ರ ಹೊತ್ತಿಗೆ ಅದು 20 ನಿಮಿಷಕ್ಕೆ ಇಳಿಯಿತು. ಹೊಸ ಔಷಧವೇನೂ ಇದಕ್ಕೆ ಕಾರಣವಲ್ಲ. ಆಂಬ್ಯುಲೆನ್ಸಿನವರು ಮುಂಚಿತವಾಗಿ ತಿಳಿಸುತ್ತಿದ್ದರು, ರೋಗಿಯನ್ನು ನೇರವಾಗಿ ಸ್ಕ್ಯಾನ್ ಕೋಣೆಗೆ ಒಯ್ಯುತ್ತಿದ್ದರು, ಇಂಜೆಕ್ಷನ್ನನ್ನು ಸ್ಕ್ಯಾನ್ ಮೇಜಿನ ಮೇಲೆಯೇ ಆರಂಭಿಸುತ್ತಿದ್ದರು. ನಮ್ಮ ಆಸ್ಪತ್ರೆಗಳೂ ಇವನ್ನು ಅನುಸರಿಸಬಹುದು. ಬೆರಳಿನಿಂದ ಸಕ್ಕರೆ ಪರೀಕ್ಷೆ ಕೂಡಲೇ ಆಗಬೇಕು, ಏಕೆಂದರೆ ಸಕ್ಕರೆ ಕುಸಿದಾಗಲೂ ಲಕ್ವದಂತೆಯೇ ಕಾಣಬಹುದು. ಉಳಿದ ಎಲ್ಲ ರಕ್ತಪರೀಕ್ಷೆಗಳ ಫಲಿತಾಂಶಕ್ಕಾಗಿ ಪ್ರತಿ ರೋಗಿಯನ್ನೂ ಕಾಯಿಸಬೇಕಿಲ್ಲ. ಮುಂಗಡ ಹಣದ ರಸೀದಿಯೂ ಕಾಯಬಹುದು.

ತಡವಾಗಿ ಬಂದವರೂ ಕೈಚೆಲ್ಲಬೇಕಿಲ್ಲ. ದೊಡ್ಡ ನಾಳ ಮುಚ್ಚಿದ್ದರೆ, ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ರಕ್ತನಾಳದೊಳಗೆ ತೂರಿಸುವ ತೆಳು ನಳಿಕೆಯಿಂದ (ಕ್ಯಾತಿಟರ್) ಹೆಪ್ಪನ್ನು ಹೊರತೆಗೆಯಬಹುದು. ಆ ಸೌಲಭ್ಯ ಎಲ್ಲಿದೆ ಎಂದು ಕೇಳಬೇಕು.

ಕೊನೆಯ ವಿಳಂಬ ಒಪ್ಪಿಗೆ ಪತ್ರದ್ದು. ಇಂಜೆಕ್ಷನ್ನಿನಿಂದ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. 1995ರ ಮುಖ್ಯ ಪ್ರಯೋಗದಲ್ಲಿ ಅದು ನೂರಕ್ಕೆ ಆರರಷ್ಟು ರೋಗಿಗಳಲ್ಲಿ ಕಂಡಿತ್ತು. ಇದನ್ನು ಕೇಳಿ ಗಾಬರಿಯಾಗಿ ಊರಲ್ಲಿರುವ ದೊಡ್ಡಪ್ಪನಿಂದ ವಿದೇಶದ ಮಗನವರೆಗೆ ಒಬ್ಬೊಬ್ಬರನ್ನೇ ಕೇಳುತ್ತ ಕೂತರೆ ಅರ್ಧ ಗಂಟೆ ಹೋಗುತ್ತದೆ. ಸಹಿ ಹಾಕುವ ಒಬ್ಬರನ್ನು ದಾರಿಯಲ್ಲೇ ಗೊತ್ತುಮಾಡಿಕೊಂಡು, ಉಳಿದವರಿಗೆ ಆಮೇಲೆ ತಿಳಿಸಬಹುದು.