ಪದ್ಯ ಪಾಠಕ್ಕೆ ನೆಟ್ ಬಳಸುವುದು ಹೇಗೆ?

ಹೈಸ್ಕೂಲಿನ ಕನ್ನಡ ಪೀರಿಯಡ್‌ನಲ್ಲಿ ‘ಸ್ಮಾರ್ಟ್ ಕ್ಲಾಸ್’ ಅಂದರೆ ಬಹಳ ಕಡೆ ನಡೆಯುವುದು ಇಷ್ಟೇ. ಮೇಷ್ಟ್ರು ಯೂಟ್ಯೂಬ್ ತೆರೆದು ಪದ್ಯದ ಹೆಸರು ಹಾಕುತ್ತಾರೆ. ಇನ್ಯಾವುದೋ ಊರಿನ ಮೇಷ್ಟ್ರು ಅದೇ ಪಾಠ ಮಾಡಿರುವ ವಿಡಿಯೊ ಸಿಗುತ್ತದೆ, ಅದನ್ನು ಓಡಿಸುತ್ತಾರೆ. ಆ ವಿಡಿಯೊದಲ್ಲಿ ಪುಸ್ತಕದ ಸಾಲುಗಳನ್ನೇ ಓದಿ, ಗೈಡಿನ ಸಾರಾಂಶವನ್ನೇ ಹೇಳಿರುತ್ತಾರೆ. ಹಿಂದಿನ ಬೆಂಚು ಹತ್ತೇ ನಿಮಿಷಕ್ಕೆ ನಿದ್ದೆಗೆ ಜಾರುತ್ತದೆ. ಎದುರಿಗೆ ಮೇಷ್ಟ್ರು ಇರುವಾಗ ಗೋಡೆ ಮೇಲೆ ಇನ್ನೊಬ್ಬರು ಯಾಕೆ ಬೇಕು?

ಪದ್ಯ ಪಾಠಕ್ಕೆ ನೆಟ್‌ನಿಂದ ತರಬೇಕಾದ್ದು ಮೂರು: ತಪ್ಪಿಲ್ಲದ ಪಠ್ಯ, ಒಂದು ನಿಘಂಟು, ಹಾಡುವ ಒಂದು ಒಳ್ಳೆಯ ದನಿ. ಸಾರಾಂಶ ತರಬೇಡಿ. ಅದನ್ನು ಮಕ್ಕಳೇ ಬಿಡಿಸಿ ಹೇಳಲಿ.

ಉದಾಹರಣೆಗೆ ಹತ್ತನೇ ತರಗತಿಯ ಪ್ರಥಮ ಭಾಷೆಯ ‘ಕೌರವೇಂದ್ರನ ಕೊಂದೆ ನೀನು’ ಪದ್ಯವನ್ನೇ ತೆಗೆದುಕೊಳ್ಳೋಣ. ಇದು ಕುಮಾರವ್ಯಾಸನ ಉದ್ಯೋಗಪರ್ವದ ಭಾಗ. ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುವ ಪ್ರಸಂಗ. ಮಕ್ಕಳು ಹೆದರುವ ಪದ್ಯ, ಮೇಷ್ಟ್ರುಗಳೂ ಬೇಗ ಮುಗಿಸಿ ಮುಂದೆ ಹೋಗುವ ಪದ್ಯ.

ಮೊದಲು ಪಠ್ಯ

ಪಠ್ಯಪುಸ್ತಕ ಸಂಘದ ತಾಣದಲ್ಲಿ ಪುಸ್ತಕದ ಪಿಡಿಎಫ್ ಸಿಗುತ್ತದೆ, ಇಳಿಸಿಕೊಳ್ಳಿ. ಆದರೆ ಅದರಿಂದ ಪದ್ಯವನ್ನು ಕಾಪಿ ಮಾಡಿ ಸ್ಲೈಡಿಗೆ ಹಾಕಲು ಹೋದವರೆಲ್ಲ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಫೈಲು ಕೆಟ್ಟಿದೆ ಅಂದುಕೊಳ್ಳಬೇಡಿ. ನುಡಿಯಂಥ ಹಳೆಯ ಫಾಂಟ್‌ನಲ್ಲಿ ಮಾಡಿದ ಕಡತಗಳು ಯುನಿಕೋಡ್‌ನಲ್ಲಿ, ಅಂದರೆ ಈಗ ಎಲ್ಲ ಕಂಪ್ಯೂಟರು, ಮೊಬೈಲಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ, ಇರುವುದಿಲ್ಲ. ಅವುಗಳಲ್ಲಿ ಹುಡುಕಿದರೂ ಏನೂ ಸಿಗುವುದಿಲ್ಲ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಒತ್ತಕ್ಷರ ಮತ್ತು ಅರ್ಕಾವತ್ತಿನಲ್ಲಿ ಒಮ್ಮೊಮ್ಮೆ ಎಡವುತ್ತವೆ. ಆರು ಸಾಲಿನ ಷಟ್ಪದಿಗೆ ಇಷ್ಟೆಲ್ಲ ಒದ್ದಾಟ ಬೇಡ, ಸುಮ್ನೆ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಐದು ನಿಮಿಷದ ಕೆಲಸ.

ಪಠ್ಯಪುಸ್ತಕದಲ್ಲಿ ಇಲ್ಲದ ಹಿಂದಿನ ಮುಂದಿನ ಪದ್ಯಗಳು ಬೇಕಾದರೆ ಕನ್ನಡ ವಿಕಿಸೋರ್ಸ್‌ಗೆ ಹೋಗಿ. ಕುಮಾರವ್ಯಾಸ ಭಾರತ ಅಲ್ಲಿದೆ. ಮುದ್ರಿತ ಪ್ರತಿ ನೋಡಬೇಕು ಅಂದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಪುಸ್ತಕಗಳ ಸ್ಕ್ಯಾನ್‌ಗಳಿವೆ. ಅಲ್ಲಿ ಕನ್ನಡ ಲಿಪಿಯಲ್ಲಿ ಹುಡುಕಿ ಏನೂ ಸಿಗಲಿಲ್ಲ ಅಂತ ಕೈಚೆಲ್ಲಬೇಡಿ. ಎಷ್ಟೋ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ದಾಖಲಿಸಿದ್ದಾರೆ, ಅದೂ ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ‘ವ್ಯಾಸ’ಕ್ಕೆ ಒಂದು ‘ಎ’ ಹಾಕಿ ನೋಡಿ, ಎರಡು ಹಾಕಿ ನೋಡಿ. ಸ್ಕ್ಯಾನ್ ಫೈಲುಗಳು ದೊಡ್ಡವು. ಮನೆಯಲ್ಲೇ ಇಳಿಸಿಕೊಂಡು ಹೋಗಿ, ಶಾಲೆಯ ವೈಫೈ ನಂಬಬೇಡಿ.

ಪಠ್ಯ ಸರಿಯಿದೆಯೇ? ಇಲ್ಲೇ ಎಲ್ಲರೂ ಎಡವುವುದು

ನೆಟ್‌ನಲ್ಲಿರುವ ಪದ್ಯಗಳನ್ನು ಯಾರೋ ಪುಣ್ಯಾತ್ಮರು ಕೂತು ಟೈಪ್ ಮಾಡಿರುತ್ತಾರೆ. ತಪ್ಪು ಇದ್ದೇ ಇರುತ್ತದೆ. ಒಂದು ಬ್ಲಾಗಿನ ತಪ್ಪು ಹತ್ತು ಬ್ಲಾಗಿಗೆ ಕಾಪಿ ಆಗಿ, ಹತ್ತೂ ಕಡೆ ಹೀಗೇ ಇದೆಯಲ್ಲ ಅಂತ ನಾವು ನಂಬುತ್ತೇವೆ. ಆಮೇಲೆ ತಪ್ಪು ಪದಕ್ಕೆ ಅರ್ಥ ಹುಡುಕುತ್ತಾ ಪೀರಿಯಡ್ ಮುಗಿದುಹೋಗುತ್ತದೆ.

ಷಟ್ಪದಿಯಲ್ಲಿ ಇದನ್ನು ಹಿಡಿಯಲು ಸುಲಭದ ದಾರಿ ಇದೆ. ಕುಮಾರವ್ಯಾಸನದು ಭಾಮಿನಿ ಷಟ್ಪದಿ. ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ, ಸೊನ್ನೆ ಇರುವ ಅಥವಾ ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು. 1, 2, 4, 5ನೇ ಸಾಲಿಗೆ 14 ಮಾತ್ರೆ. 3 ಮತ್ತು 6ನೇ ಸಾಲಿಗೆ 23. ಗಣಗಳು, ಅಂದರೆ ಮಾತ್ರೆಗಳ ಗುಂಪುಗಳು, ಮೂರು ನಾಲ್ಕು, ಮೂರು ನಾಲ್ಕು ಅಂತ ನಡೆಯುತ್ತವೆ. ಮಕ್ಕಳು ಪರೀಕ್ಷೆಗೆ ಪ್ರಸ್ತಾರ (ಅಕ್ಷರಗಳಿಗೆ ಲಘು ಗುರು ಗುರುತು) ಹಾಕುವುದನ್ನು ಹೇಗೂ ಕಲಿಯಬೇಕು. ಅದನ್ನು ನೆಟ್‌ನಿಂದ ತಂದ ಪದ್ಯದ ಮೇಲೇ ಹಾಕಿಸಿ.

ಪಾಠದ ಮೊದಲ ಪದ್ಯ ನೋಡಿ:

ಇನತನೂಜನ ಕೂಡೆ ಮೈದುನ
ತನದ ಸರಸವನೆಸಗಿ ರಥದೊಳು
ದನುಜರಿಪು ಬರಸೆಳೆದು ಕುಳ್ಳಿರಿಸಿದನು ಪೀಠದಲಿ
ಎನಗೆ ನಿಮ್ಮಡಿಗಳಲಿ ಸಮಸೇ
ವನೆಯೆ ದೇವ ಮುರಾರಿಯಂಜುವೆ
ನೆನಲು ತೊಡೆಸೋಂಕಿನಲಿ ಸಾರಿದು ಶೌರಿಯಿಂತೆಂದ

ಮೊದಲ ಸಾಲು: ಇನತ, ನೂಜನ, ಕೂಡೆ, ಮೈದುನ. ಮೂರು, ನಾಲ್ಕು, ಮೂರು, ನಾಲ್ಕು. ಸರಿಯಾಗಿ 14. ಯಾರಾದರೂ ‘ತನೂಜನ’ ಬದಲು ‘ತನುಜನ’ ಅಂತ ಬರೆದಿದ್ದರೆ 13ಕ್ಕೇ ನಿಲ್ಲುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಮೂರನೇ ಸಾಲಿನ ‘ಕುಳ್ಳಿರಿಸಿದನು’ ಪದದಲ್ಲಿ ಒತ್ತು ಬಿಟ್ಟು ‘ಕುಳಿರಿಸಿದನು’ ಅಂತ ಮಾಡಿದ್ದರೆ 22 ಬರುತ್ತದೆ. ಕೊನೆಯ ಅಕ್ಷರ ‘ಲಿ’ ನೋಡಲು ಲಘು. ಪಾದದ ಕೊನೆಯಲ್ಲಿ ಇರುವುದರಿಂದ ಗುರು ಅಂತ ಎಣಿಸಬೇಕು. ಇದನ್ನು ಮೊದಲೇ ಹೇಳದಿದ್ದರೆ ಇಡೀ ತರಗತಿ 22 ಅಂತ ಕೂಗುತ್ತದೆ, ಸರಿ ಇರುವ ಸಾಲನ್ನೇ ತಿದ್ದಲು ಕೂರುತ್ತೀರಿ.

ಎರಡನೇ ಬಲೆ ಪ್ರಾಸ. ಆರೂ ಸಾಲಿನ ಎರಡನೇ ಅಕ್ಷರಕ್ಕೆ ಒಂದು ಸುತ್ತು ಹಾಕಿಸಿ. ನ, ನ, ನು, ನ, ನೆ, ನ. ಬೇರೆ ವ್ಯಂಜನ ಬಂದರೆ ಒಂದೋ ಸಾಲನ್ನು ತಪ್ಪು ಜಾಗದಲ್ಲಿ ಮುರಿದಿದ್ದಾರೆ, ಇಲ್ಲವೇ ಅಕ್ಷರ ಬಿಟ್ಟುಹೋಗಿದೆ. ಸಾಲು ಮುರಿಯುವುದರಲ್ಲಿ ಬ್ಲಾಗುಗಳು ಜಾಸ್ತಿ ತಪ್ಪುತ್ತವೆ. ‘ಮೈದುನತನ’ ಒಂದೇ ಪದ ಅಲ್ವಾ ಅಂತ ಅದನ್ನು ಒಂದೇ ಸಾಲಿಗೆ ತಳ್ಳಿಬಿಟ್ಟಿರುತ್ತಾರೆ.

ಮಾತ್ರೆ ಬದಲಾಗದ ತಪ್ಪುಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ‘ಎಳೆದು’ ಇದ್ದದ್ದು ‘ಎಳೆದ’ ಆದರೆ ಎಣಿಕೆ ಸರಿಯಾಗಿಯೇ ಬರುತ್ತದೆ. ಅದಕ್ಕೆ ಪಠ್ಯಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಳ್ಳಲೇಬೇಕು. ವಿಕಿಸೋರ್ಸ್‌ನಲ್ಲಿ ಮಕ್ಕಳು ತಪ್ಪು ಹಿಡಿದರೆ ಅದನ್ನು ತಿದ್ದಬಹುದು. ಮುದ್ರಿತ ಪ್ರತಿಯ ಜೊತೆ ಹೋಲಿಸಿ ನೋಡಿದ ಮೇಲೆ ತರಗತಿಯ ಎದುರೇ ತಿದ್ದಿ. ಒಬ್ಬ ಹುಡುಗಿ ಹಿಡಿದ ಒಂದು ಒತ್ತಕ್ಷರ ಎಲ್ಲರೂ ಓದುವ ಜಾಗದಲ್ಲಿ ಸರಿಯಾಯಿತು ಅಂದರೆ ಛಂದಸ್ಸಿನ ಪಾಠಕ್ಕೆ ಬೇರೆ ಪೀಠಿಕೆ ಬೇಕಿಲ್ಲ.

ನಿಘಂಟು ತೆರೆಯುವ ಮೊದಲು ಪದ ಬಿಡಿಸಿ

ನಿಘಂಟಿಗೆ ನನ್ನ ಆಯ್ಕೆ ‘ಅಲರ್’. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಇದು. 2019ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ. ಜಾಹೀರಾತಿನ ಕಾಟ ಇಲ್ಲ, ಹಳೆಯ ಪದಗಳೂ ಇವೆ. ಅರ್ಥ ಇಂಗ್ಲಿಷ್‌ನಲ್ಲಿ ಇರುವುದು ಕನ್ನಡ ಮಾಧ್ಯಮದ ಮಕ್ಕಳಿಗೆ ಸ್ವಲ್ಪ ಕಷ್ಟ. ಹಾಗಿದ್ದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ತಾಣದಲ್ಲಿ ನಿಘಂಟುಗಳ ರಾಶಿಯೇ ಇದೆ. ಮೊಬೈಲಿನಲ್ಲಿ ಪ್ರತಿ ಪದಕ್ಕೂ ಒಂದು ಜಾಹೀರಾತು ತೋರಿಸುವ ನಿಘಂಟು ಆ್ಯಪ್‌ಗಳನ್ನು ಶಾಲೆಯ ಪರದೆ ಮೇಲೆ ತೆರೆಯಲೇಬೇಡಿ. ಯಾವಾಗ ಏನು ಬರುತ್ತದೋ ಹೇಳಲಾಗದು.

ಕಷ್ಟ ಇರುವುದು ನಿಘಂಟಿನಲ್ಲಿ ಅಲ್ಲ. ‘ಸರಸವನೆಸಗಿ’ ಅಂತ ಇದ್ದ ಹಾಗೇ ಹಾಕಿ, ಏನೂ ಬರದಿದ್ದಾಗ ‘ಈ ಪದ ನೆಟ್‌ನಲ್ಲಿ ಇಲ್ಲ ಸಾರ್’ ಅನ್ನುತ್ತಾರೆ. ಸರಸವನು, ಎಸಗಿ ಅಂತ ಬಿಡಿಸಬೇಕು. ಆಮೇಲೆ ‘ಎಸಗಿ’ಯಿಂದ ಧಾತುವಿಗೆ ಹೋಗಿ ‘ಎಸಗು’ ಅಂತ ಹುಡುಕಬೇಕು. ಈ ಎರಡು ಹೆಜ್ಜೆಯನ್ನು ಕರಿಹಲಗೆ ಮೇಲೆ ಮಾಡಿಸಿ, ಮೂರನೆಯದಕ್ಕೆ ಮಾತ್ರ ಲ್ಯಾಪ್‌ಟಾಪ್ ಮುಟ್ಟಲು ಬಿಡಿ. ಸಂಧಿ ಪಾಠ ಉಪಯೋಗಕ್ಕೆ ಬರುವುದು ಇಲ್ಲಿ. ‘ಮುರಾರಿಯಂಜುವೆನೆನಲು’ ಬಂದಾಗ ನೋಡಿ, ಅರ್ಧ ತರಗತಿ ‘ಮುರಾರಿಯ’ ಅಂತ ಷಷ್ಠಿ ವಿಭಕ್ತಿಗೆ ಹೋಗುತ್ತದೆ. ಅದು ಮುರಾರಿ, ಅಂಜುವೆನು, ಎನಲು. ಕರ್ಣ ಕೃಷ್ಣನಿಗೆ ‘ನಿಮ್ಮ ಸಮಕ್ಕೆ ಕೂರಲು ಹೆದರಿಕೆ ಆಗುತ್ತದೆ’ ಅನ್ನುತ್ತಿದ್ದಾನೆ. ಇದು ತಿಳಿಯದೆ ಆ ಪದ್ಯದಲ್ಲಿ ಮಾತಾಡುತ್ತಿರುವುದು ಯಾರು ಅಂತಲೇ ಗೊತ್ತಾಗುವುದಿಲ್ಲ.

ಬಿಡಿಸಿ ಆದ ಮೇಲೆ ಒಂದೇ ಪ್ರಶ್ನೆ ಕೇಳಿ: ಈ ಆರು ಸಾಲಿನಲ್ಲಿ ಎಷ್ಟು ಜನ ಇದ್ದಾರೆ? ಇನತನೂಜ, ದನುಜರಿಪು, ಮುರಾರಿ, ಶೌರಿ ಅಂತ ನಾಲ್ಕು ಬೆರಳು ಏಳುತ್ತವೆ. ಇನ ಅಂದರೆ ಸೂರ್ಯ, ಅವನ ಮಗ ಕರ್ಣ. ಉಳಿದ ಮೂರೂ ಕೃಷ್ಣನೇ. ಪುಸ್ತಕದ ಪದಗಳ ಅರ್ಥದ ಪಟ್ಟಿಯನ್ನು ಅಲ್ಲಿಯವರೆಗೆ ಮುಚ್ಚಿಸಿ ಇಡಿ.

ಎಐ ಬಗ್ಗೆ ಕೇಳುವವರು ಇದ್ದಾರೆ. ಪದ್ಯ ಹಾಕಿ ಸಾರಾಂಶ ಕೇಳಿದರೆ ಅದು ಚಂದವಾಗಿಯೇ ಬರೆದುಕೊಡುತ್ತದೆ. ನಡುಗನ್ನಡದಲ್ಲಿ ಯಾರ ಮಾತು ಯಾರ ಬಾಯಿಗೆ ಹಾಕಿದೆ ಅನ್ನುವುದನ್ನು ನೀವೇ ಮತ್ತೆ ಕೂತು ನೋಡಬೇಕು. ಕವಿಯ ಹೆಸರು ಹೇಳಿ ‘ಒಂದು ಪದ್ಯ ಕೊಡು’ ಅಂದರೆ ಇಲ್ಲದ ಪದ್ಯವನ್ನೂ ಕಟ್ಟಿಕೊಡಬಹುದು. ಹಾಗೆ ಬಂದ ಪದ್ಯಕ್ಕೂ ಮಾತ್ರೆ ಎಣಿಸಿಸಿ, ಒಳ್ಳೆ ಮೋಜು. ಪಾಠದ ತಯಾರಿಗೆ ಮಾತ್ರ ಬೇಡವೇ ಬೇಡ.

ದನಿ

ಕಾವ್ಯವನ್ನು ರಾಗದಲ್ಲಿ ಓದುವ ಕಲೆ ಗಮಕ. ಆ ಹೆಸರಲ್ಲಿ ಹುಡುಕಿದರೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ. ಶಿವಮೊಗ್ಗ ಬಳಿಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರದ್ದನ್ನು ಹುಡುಕಿ ಕೇಳಿ. ಗಮಕಕ್ಕಾಗಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಎರಡು ಮೂರು ನಿಮಿಷ ಸಾಕು. ಪದ ಬಿಡಿಸಿದ ಮೇಲೆ ಕೇಳಿಸಿ, ಮೊದಲೇ ಅಲ್ಲ. ಪದ ಗೊತ್ತಿಲ್ಲದೆ ಕೇಳಿದರೆ ಮಕ್ಕಳಿಗೆ ಅದು ಬರೀ ರಾಗ. ಮೊಬೈಲ್ ಸ್ಪೀಕರ್ ಐವತ್ತು ಮಕ್ಕಳಿಗೆ ಸಾಲದು, ಬ್ಲೂಟೂತ್ ಸ್ಪೀಕರ್ ತನ್ನಿ. ಸಿನಿಮಾ ಹಾಡಿನಂತೆ ಕೀಬೋರ್ಡ್ ಹಿನ್ನೆಲೆ ಹಾಕಿ ಮಾಡಿದ ‘ಪಠ್ಯದ ಹಾಡು’ ವಿಡಿಯೊಗಳಲ್ಲಿ ಪದ ಕೇಳಿಸುವುದೇ ಇಲ್ಲ, ಬಿಡಿ.

ವಚನ ಇದ್ದರೆ ಕೆಲಸ ಇನ್ನೂ ಸುಲಭ. ‘ವಚನ ಸಂಚಯ’ ತಾಣದಲ್ಲಿ ಒಂದು ಪದ ಹಾಕಿದರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಅಂತ ತೋರಿಸುತ್ತದೆ. ‘ಕಾಯಕ’ ಅಂತ ಹಾಕಿ, ತಂಡಕ್ಕೆ ಒಂದರಂತೆ ವಚನ ಹಂಚಿ, ಓದಿಸಿ. ಪೀರಿಯಡ್ ಮುಗಿಯಿತು.

ಹೊಸಗನ್ನಡದ ಕವಿತೆಗಳಿಗೆ ಕಾಪಿರೈಟ್ ನೆನಪಿರಲಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಗೋವಿಂದ ಪೈ ಅವರು ತೀರಿಕೊಂಡಿದ್ದು 1963ರಲ್ಲಿ, ಅವರ ಬರಹಕ್ಕೆ 2024ರಿಂದ ಯಾರ ಅಪ್ಪಣೆಯೂ ಬೇಡ. ಬೇಂದ್ರೆ ಅವರದ್ದು 2041ರ ಕೊನೆಯವರೆಗೆ, ಕುವೆಂಪು ಅವರದ್ದು 2054ರ ಕೊನೆಯವರೆಗೆ. ತರಗತಿಯಲ್ಲಿ ಪಾಠಕ್ಕೆ ಬಳಸಲು ಕಾನೂನಿನ ಅಡ್ಡಿ ಇಲ್ಲ. ಇಡೀ ಸಂಕಲನದ ಸ್ಕ್ಯಾನ್ ಅನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಬೇರೆ ಮಾತು.

ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ಇಟ್ಟುಕೊಳ್ಳಿ: ಪದ್ಯದ ಸ್ಲೈಡ್, ದನಿಯ ಫೈಲು, ಬಿಡಿಸಿದ ಪದಗಳ ಹಾಳೆ. ಸ್ಲೈಡನ್ನು ಪಿಡಿಎಫ್ ಮಾಡಿಯೇ ಒಯ್ಯಿರಿ, ಶಾಲೆಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ. ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಕೆಲವು ಹಳೆಯ ಟಿವಿಗಳು ಕನ್ನಡ ಹೆಸರಿನ ಜಾಗದಲ್ಲಿ ಬರೀ ಚೌಕ ತೋರಿಸುತ್ತವೆ. ಯಾವ ಚೌಕದಲ್ಲಿ ಯಾವ ಪದ್ಯ ಅಂತ ತೆರೆತೆರೆದು ನೋಡುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ.