ಸ್ಯಾಂಪ್ಲಿಂಗ್ ಅಂತರ ಬದಲಿಸಿದರೆ ದರವೂ ಬದಲಾಗುತ್ತಿತ್ತು: ಸರಿಪಡಿಸಿದ ಬಗೆ

ಅಯಾನ್ ಚಾನೆಲ್ (ಜೀವಕೋಶದ ಪೊರೆಯಲ್ಲಿನ ಸೂಕ್ಷ್ಮ ದ್ವಾರ) ತೆರೆದು ಮುಚ್ಚುವುದಿರಲಿ, ಕಾಯಿಲೆ ಬಂದು ಹೋಗುವುದಿರಲಿ, ಎರಡು ಸ್ಥಿತಿಗಳ ನಡುವೆ ಬದಲಾಗುವ ದರದ ಲೆಕ್ಕ ಒಂದೇ. ಇಲ್ಲಿ 1 ಸೆಕೆಂಡ್ ಸ್ಯಾಂಪ್ಲಿಂಗ್ ಅಂತರದಲ್ಲಿ (ಒಂದು ಓದಿನಿಂದ ಮುಂದಿನ ಓದಿಗೆ) ಚಾನೆಲ್ ತೆರೆಯುವ ಸಂಭವನೀಯತೆ 0.3, ಮುಚ್ಚುವುದು 0.1. 0.3 ಅನ್ನೇ ದರವೆಂದು ಬರೆದಿದ್ದೆ. ಅದೇ ಡೇಟಾವನ್ನು 2 ಸೆಕೆಂಡಿಗೊಮ್ಮೆ ಓದಿದರೆ ಸಂಭವನೀಯತೆ 0.48, ಅಂತರ 2ರಿಂದ ಭಾಗಿಸಿದರೆ ದರ 0.24! ಎರಡು ಓದುಗಳ ನಡುವೆ ಹೋಗಿ ವಾಪಸ್ ಬಂದ ಬದಲಾವಣೆಗಳು ಎಣಿಕೆಗೇ ಸಿಗುವುದಿಲ್ಲ, ಎಡವಟ್ಟು ಅಲ್ಲೇ.

ಭಾಗಿಸಬಾರದು, ಲಾಗರಿದಮ್ ತೆಗೆಯಬೇಕು. ಎರಡೂ ಸಂಭವನೀಯತೆ ಕೂಡಿಸಿ (0.4), 1ರಿಂದ ಕಳೆಯಿರಿ (0.6). ಅದರ ಸ್ವಾಭಾವಿಕ ಲಾಗರಿದಮ್‌ನ ಚಿಹ್ನೆ ತಿರುಗಿಸಿ, ಅಂತರದಿಂದ ಭಾಗಿಸಿ: 0.511. ಇದು ಎರಡು ದರಗಳ ಮೊತ್ತ. ಸಂಭವನೀಯತೆಗಳ ಅನುಪಾತವಾದ 3:1ರಲ್ಲಿ ಹಂಚಿದರೆ ತೆರೆಯುವ ದರ 0.383, ಮುಚ್ಚುವುದು 0.128. ಈಗ 2 ಸೆಕೆಂಡಿನ ಡೇಟಾದಿಂದಲೂ ಅದೇ ಉತ್ತರ.

ಸಂಭವನೀಯತೆಗಳ ಮೊತ್ತ 1 ದಾಟಿದರೆ ಲಾಗರಿದಮ್ ಸಿಗದು. ಸೂತ್ರವನ್ನು ಬೈಯಬೇಡಿ, ಸಾಮಾನ್ಯವಾಗಿ ಡೇಟಾ ಕಡಿಮೆ, ಇಲ್ಲವೇ ಸ್ಥಿತಿ ಗುರುತಿಸಿದ್ದು ತಪ್ಪು. ಗದ್ದಲದ ಸಿಗ್ನಲ್, ತೆರೆದಿದೆಯೋ ಮುಚ್ಚಿದೆಯೋ ಎಂದು ಗುರುತಿಸುವ ಗಡಿರೇಖೆಯನ್ನು ಸುಮ್ಮನೆ ದಾಟುತ್ತಿದ್ದರೆ ದರ ಉಬ್ಬುತ್ತದೆ. ಆಗ ಒಂದು ಗಡಿ ಸಾಲದು: ಮೇಲಿನದನ್ನು ದಾಟಿದಾಗ ‘ತೆರೆದಿದೆ’, ಕೆಳಗಿನದಕ್ಕಿಂತ ಇಳಿದಾಗ ಮಾತ್ರ ‘ಮುಚ್ಚಿದೆ’ ಎನ್ನಿ. 40 ಬದಲಾವಣೆ ಎಣಿಸಿದ್ದರೆ ದರದಲ್ಲಿ ಸುಮಾರು 16% ಅನಿಶ್ಚಿತತೆ ಇದ್ದೇ ಇರುತ್ತದೆ.